ಅಮ್ಮನಿಗೆ ಡಿಮೆನ್ಷಿಯಾ ಅಂತ ಹೊರಗಿನವರಿಗೆ ಹೇಳಬೇಕಾ, ಬೇಡ್ವಾ?

ಬಿಳಿಹಾಳೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಸ್ವಲ್ಪ ಉದ್ದ ಇದೆ.

ಅಮ್ಮನಿಗೆ 71 ವರ್ಷ. ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ, ನಡವಳಿಕೆ ಕುಸಿಯುತ್ತಾ ಹೋಗುವ ಮಿದುಳಿನ ತೊಂದರೆ, ಅದರಲ್ಲಿ ಅಲ್ಝೈಮರ್ ಅನ್ನುವ ಬಗೆ, ಇನ್ನೂ ಆರಂಭದ ಹಂತ ಅಂತ ಇತ್ತೀಚೆಗೆ ನರರೋಗ ತಜ್ಞರು ಹೇಳಿದರು. ನಮಗೆ ಮೊದಲು ಅನುಮಾನ ಬಂದದ್ದು ಮರೆವಿನಿಂದಲ್ಲ, ಅಮ್ಮನ ಲೆಕ್ಕದ ಪುಸ್ತಕದಿಂದ. ಮನೆ ಖರ್ಚನ್ನೆಲ್ಲ ಬರೆದಿಡುವುದು ಅವರ ಹಳೇ ಅಭ್ಯಾಸ, ಒಂದು ಸಾಲೂ ತಪ್ಪುತ್ತಿರಲಿಲ್ಲ. ಒಂದು ದಿನ ಏನೋ ಹುಡುಕುತ್ತಾ ಆ ಪುಸ್ತಕ ತೆಗೆದೆ. ಕರೆಂಟ್ ಬಿಲ್ ಒಂದೇ ತಿಂಗಳಲ್ಲಿ ಎರಡು ಕಡೆ ಬರೆದಿದ್ದಾರೆ, ಕೂಡಿಸಿದ್ದು ತಾಳೆ ಆಗುತ್ತಿಲ್ಲ, ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ "ಇದು ಕಟ್ಟಿ ಆಯ್ತಾ?" ಅಂತ ತಮ್ಮನ್ನೇ ಕೇಳಿಕೊಂಡಿದ್ದಾರೆ. ಅಂದರೆ ಏನೋ ಸರಿಯಿಲ್ಲ ಅಂತ ಅಮ್ಮನಿಗೆ ನಮಗಿಂತ ಮುಂಚೆಯೇ ಗೊತ್ತಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ.

ಮೊದಲು ತೋರಿಸಿದ ಡಾಕ್ಟರು "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದ್ದರು. ನಾವೂ ಸರಿ ಅಂತ ಸುಮ್ಮನಾದೆವು. ಬೇರೆಯವರ ಹತ್ತಿರ ಹೋಗುವ ಹೊತ್ತಿಗೆ ವರ್ಷವೇ ಕಳೆದಿತ್ತು.

ಈಗ ಅಣ್ಣ ಯಾರಿಗೂ ಹೇಳಬೇಡ ಅಂತ ಹಟ ಹಿಡಿದಿದ್ದಾನೆ. ಹೇಳಿದರೆ ಹುಚ್ಚು ಅಂದುಕೊಳ್ಳುತ್ತಾರೆ, ಅಮ್ಮನ ಮರ್ಯಾದೆ ಹೋಗುತ್ತದೆ, ನಾಳೆ ಯಾರೂ ಅವರ ಮಾತಿಗೆ ಬೆಲೆ ಕೊಡುವುದಿಲ್ಲ ಅನ್ನುವುದು ಅವನ ವಾದ. ಅತ್ತಿಗೆ ನನ್ನ ಕಡೆ. ಆದರೆ ನನಗೂ ಪೂರ್ತಿ ಧೈರ್ಯ ಇಲ್ಲ. ಯಾಕಂದ್ರೆ ಗೊತ್ತಾದ ಒಬ್ಬಿಬ್ಬರು ಆಡಿದ ಮಾತು ನೋಡಿ. ಒಬ್ಬರು "ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳ್ತಾರಾ" ಅಂತ ನಕ್ಕರು. ಇನ್ನೊಬ್ಬರು ನಮ್ಮಿಂದ ಒಂದು ಹೆಜ್ಜೆ ಹಿಂದೆ ಸರಿದು "ಅಂಟುತ್ತಾ?" ಅಂದರು.

ಇಲ್ಲಿ ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ. ಹೇಳಬೇಕಾ? ಹೇಳುವುದಾದರೆ ಏನು ಹೇಳಬೇಕು, ಯಾರಿಗೆ ಎಷ್ಟು ಹೇಳಬೇಕು?


ಹಿತ್ತಲಗಿಡ:

ಹೇಳಿ. ನನ್ನ ಉತ್ತರ ಅಷ್ಟೇ. ಆದರೆ ಕಾಯಿಲೆಯ ಹೆಸರು ಮಾತ್ರ ಹೇಳಿ ಬಿಡಬೇಡಿ, ಅದರಿಂದ ಏನೂ ಆಗುವುದಿಲ್ಲ.

ನಮ್ಮ ಮಾವನವರಿಗೆ ರಕ್ತನಾಳಗಳಿಂದ ಬರುವ ಡಿಮೆನ್ಷಿಯಾ ಇತ್ತು, ಸಣ್ಣ ಸಣ್ಣ ಪಾರ್ಶ್ವವಾಯು ಆಗಿ ಆಗಿ ಬಂದದ್ದು. ನಾವು ಹೆಸರು ಹೇಳಿದ ಕೂಡಲೇ ಜನ ಎರಡರಲ್ಲಿ ಒಂದು ಮಾಡುತ್ತಿದ್ದರು. ಒಂದೋ "ಅಯ್ಯೋ ನನಗೂ ಮರೆವು ಜಾಸ್ತಿ ಕಣ್ರೀ, ಮೊನ್ನೆ ಕನ್ನಡಕ ತಲೆ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿದೆ" ಅಂತ ತಮ್ಮ ಕಥೆ ಶುರು ಮಾಡುತ್ತಿದ್ದರು. ಇಲ್ಲಾ ಅಂದರೆ ಮಾವ ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ "ಊಟ ಮಾಡ್ತಾರಾ? ನಿದ್ದೆ ಮಾಡ್ತಾರಾ?" ಅಂತ ಕೇಳುತ್ತಿದ್ದರು. ಅವರನ್ನೇ ಕೇಳಬಹುದಿತ್ತು ಅಲ್ವಾ? ಆ ಹಂತದಲ್ಲಿ ಮಾವ ಚೆನ್ನಾಗೇ ಉತ್ತರ ಕೊಡುತ್ತಿದ್ದರು, ಸ್ವಲ್ಪ ಹೊತ್ತು ಬೇಕಾಗುತ್ತಿತ್ತು ಅಷ್ಟೇ.

ಇನ್ನು ಪರೀಕ್ಷೆ ಮಾಡುವವರ ಕಾಟ. ನೋಡಲು ಬಂದವರೆಲ್ಲ ಬಾಗಿಲಲ್ಲೇ ನಿಂತು "ನಾನ್ಯಾರು ಹೇಳಿ ನೋಡೋಣ?" ಅಂತ ಶುರು. ಪ್ರೀತಿಯಿಂದಲೇ ಕೇಳುತ್ತಾರೆ, ಕೆಟ್ಟ ಮನಸ್ಸಿಲ್ಲ. ಆದರೆ ಮಾವನ ಮುಖ ನೋಡಬೇಕಿತ್ತು ನೀವು. ಮೊದಲು ನಗುತ್ತಿದ್ದರು, ಆಮೇಲೆ ನನ್ನ ಕಡೆ ನೋಡುತ್ತಿದ್ದರು, ಆಮೇಲೆ ಅಂಗಿಯ ಗುಂಡಿ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದರು. ಬಂದವರು ಬಿಡದೆ "ನೆನಪು ಮಾಡಿಕೊಳ್ಳಿ, ನೆನಪು ಮಾಡಿಕೊಳ್ಳಿ" ಅನ್ನುವುದು. ಅವರು ಹೋದ ಮೇಲೆ ಸಂಜೆಯವರೆಗೂ ಮಾವ ಸಿಡಿಮಿಡಿ. ಅವರ ಸೋದರಿಯೊಬ್ಬರು ಮಾತ್ರ ಒಳಗೆ ಬಂದವರೇ "ಅಣ್ಣಾ, ನಾನು ನಿನ್ನ ಚಿಕ್ಕ ತಂಗಿ ಬಂದೆ" ಅಂತ ಹೇಳಿಕೊಂಡೇ ಪಕ್ಕದಲ್ಲಿ ಕೂರುತ್ತಿದ್ದರು. ಯಾರೂ ಕಲಿಸಿರಲಿಲ್ಲ ಅವರಿಗೆ. ಅವರು ಬಂದ ದಿನ ಮನೆ ಎಷ್ಟು ಸಲೀಸಾಗಿರುತ್ತಿತ್ತು ಅಂದರೆ ನಾನು ಅವರನ್ನು ಆಗಾಗ ಬೇಕಂತಲೇ ಕರೆಸುತ್ತಿದ್ದೆ.

ಅದಾದ ಮೇಲೆ ಬರುವವರಿಗೆ ಫೋನಿನಲ್ಲೇ ನಾಲ್ಕು ಮಾತು ಹೇಳಿಬಿಡುತ್ತಿದ್ದೆ. ನಿಮ್ಮ ಹೆಸರು ನೀವೇ ಹೇಳಿಕೊಳ್ಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಹೇಳಿದ್ದನ್ನೇ ಮತ್ತೆ ಹೇಳಿದರೆ "ಆಗಲೇ ಹೇಳಿದ್ರಲ್ಲ" ಅನ್ನಬೇಡಿ. ಟಿವಿ ಹಾಕಿಕೊಂಡು ಮಾತಾಡಬೇಡಿ. ಇಷ್ಟೇ. ಮಿದುಳಿನ ಕೋಶ, ಪ್ರೋಟೀನು ಅಂತ ಪಾಠ ಮಾಡಲು ಹೋಗಲಿಲ್ಲ. ಜನಕ್ಕೆ ಕಾಯಿಲೆ ಅರ್ಥ ಆಗದೆ ಇದ್ದರೂ ಪರವಾಗಿಲ್ಲ, ತಾವು ಏನು ಮಾಡಬೇಕು ಅಂತ ತಿಳಿದರೆ ಸಾಕು. ಬಹಳ ಜನ ದೂರ ಹೋಗುವುದು ತಾತ್ಸಾರದಿಂದ ಅಲ್ಲ, ಎದುರಿಗೆ ಕೂತರೆ ಏನು ಮಾತಾಡುವುದು ಅಂತ ತಿಳಿಯದೆ.

ಅಕ್ಕಪಕ್ಕದವರಿಗೆ ಇನ್ನೊಂದು ಮಾತು ಜಾಸ್ತಿ: ಒಬ್ಬರೇ ಹೊರಗೆ ಕಂಡರೆ ಗದರಬೇಡಿ, ಜೊತೆಗೆ ನಡೆಯುತ್ತಾ ನಮಗೆ ಫೋನ್ ಮಾಡಿ. ಇದನ್ನು ಮುಚ್ಚಿಟ್ಟರೆ ನಷ್ಟ ನಿಮಗೇ.

ಅಂದಹಾಗೆ ಅಂಟುವುದಿಲ್ಲ. ಮುಟ್ಟಿದರೂ, ಜೊತೆಗೆ ಊಟ ಮಾಡಿದರೂ, ಒಂದೇ ಕೋಣೆಯಲ್ಲಿ ಮಲಗಿದರೂ.


ಸುಮ್ನೆಕೇಳ್ತೀನಿ:

ಯಾರೂ ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ನಮ್ಮ ಅಜ್ಜಿಗೂ ಕೊನೆಗೆ ಹೀಗೇ ಆಗಿತ್ತು. ಆಗ ಯಾರೂ ಸ್ಕ್ಯಾನ್ ಮಾಡಿಸಲಿಲ್ಲ, ಇಂಗ್ಲಿಷ್ ಹೆಸರಿಡಲಿಲ್ಲ, ಮನೆಯವರೇ ನೋಡಿಕೊಂಡರು. ವಯಸ್ಸಾದ ಮೇಲೆ ಮೊಣಕಾಲು ಸವೆಯುತ್ತೆ, ತಲೆನೂ ಸವೆಯುತ್ತೆ. ವಾಸಿ ಮಾಡುವ ಔಷಧಿನೇ ಇಲ್ಲ ಅಂದ ಮೇಲೆ ಹೆಸರು ತಿಳಿದು ಆಗುವುದೇನು? ಸುಮ್ನೆ ಭಯ ಹೆಚ್ಚಿಸಿದಂತೆ ಆಗಲ್ವಾ? ಈಗಂತೂ ಎಲ್ಲದಕ್ಕೂ ಜಾಗೃತಿ ದಿನ, ಜಾಗೃತಿ ಓಟ. ಓಡಿದವರು ಮನೆಗೆ ಹೋಗುತ್ತಾರೆ, ನೋಡಿಕೊಳ್ಳುವವರು ನೋಡಿಕೊಳ್ಳುತ್ತಲೇ ಇರುತ್ತಾರೆ.


ರಾತ್ರಿಪಾಳಿ:

ನಾನು ನರ್ಸ್. ವಯಸ್ಸಾದವರ ವಾರ್ಡಿನಲ್ಲೇ ಹೆಚ್ಚು ವರ್ಷ ಕೆಲಸ ಮಾಡಿದ್ದೇನೆ. ಸುಮ್ನೆಕೇಳ್ತೀನಿ ಅವರೇ, ಜಾಗೃತಿ ಓಟದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಉಳಿದದ್ದು ಒಪ್ಪುವುದಿಲ್ಲ.

ವಯಸ್ಸು ಹೆಚ್ಚಿದಂತೆ ಡಿಮೆನ್ಷಿಯಾ ಬರುವ ಸಾಧ್ಯತೆ ಹೆಚ್ಚುತ್ತದೆ, ಅದು ನಿಜ. ಆದರೆ ವಯಸ್ಸಾಗುವುದೇ ಡಿಮೆನ್ಷಿಯಾ ಅಲ್ಲ. ತೊಂಬತ್ತು ದಾಟಿ ಚುರುಕಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಝೈಮರ್ ಕಾಯಿಲೆಗೆ ಯಾರ ಹೆಸರು ಬಂತೋ ಆ ವೈದ್ಯ ಅಲೋಯಿಸ್ ಅಲ್ಝೈಮರ್ ಅದನ್ನು ಮೊದಲು ಗುರುತಿಸಿದ ರೋಗಿ ಔಗುಸ್ಟ ಡೇಟರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದಾಗ ಅವರಿಗೆ ಬರೀ 51 ವರ್ಷ. ಅವರು ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಜೀವಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆ, ಹೊರಗೆ ಜಮೆಯಾದ ವಸ್ತು ಕಂಡು 1906ರಲ್ಲಿ ಅಲ್ಝೈಮರ್ ಅದನ್ನು ವೈದ್ಯರ ಸಭೆಯಲ್ಲಿ ತೋರಿಸಿದರು. ಈ ಬದಲಾವಣೆ ರೋಗ. ಸವೆತ ಅಲ್ಲ.

ಈ "ವಯಸ್ಸಾಯ್ತಲ್ಲ" ಅನ್ನುವ ಮಾತು ಎಷ್ಟು ಗಟ್ಟಿ ಅಂದರೆ, ಅಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲಿ ಶೇ 80 ಮಂದಿ ಡಿಮೆನ್ಷಿಯಾ ವಯಸ್ಸಾದವರಿಗೆ ಸಹಜ ಅಂದಿದ್ದಾರೆ. 2019ರಲ್ಲಿ ಅದು ಶೇ 66 ಇತ್ತು. ಅಂದರೆ ಇಷ್ಟು ಪ್ರಚಾರ ಆದ ಮೇಲೂ ಕಡಿಮೆ ಆಗುವ ಬದಲು ಜಾಸ್ತಿ ಆಗಿದೆ! ಆರೋಗ್ಯ ಮತ್ತು ಆರೈಕೆ ಕ್ಷೇತ್ರದವರಲ್ಲೇ ಶೇ 65 ಮಂದಿ ಹಾಗೆ ನಂಬಿದ್ದರು. ಬಿಳಿಹಾಳೆ ಅವರೇ, ನಿಮ್ಮ ಮೊದಲ ಡಾಕ್ಟರು ಈ ಗುಂಪಿನವರು.

ಹೆಸರು ತಿಳಿದು ಏನು ಉಪಯೋಗ ಅಂದಿರಿ. ಮೊದಲನೇ ಉಪಯೋಗ, ಅದು ಡಿಮೆನ್ಷಿಯಾ ಅಲ್ಲದೇ ಇರಬಹುದು. ಥೈರಾಯ್ಡ್ ಕಡಿಮೆ ಆದರೆ, ಬಿ12 ಕೊರತೆ ಇದ್ದರೆ, ಖಿನ್ನತೆ ಬಂದರೆ, ಹಿಂದೆ ಯಾವಾಗಲೋ ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿದ್ದರೆ, ಮಿದುಳಿನಲ್ಲಿ ನೀರು ತುಂಬಿದ್ದರೆ ಕೂಡ ಮಂಕುತನ, ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಕೆಲವು ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆಗಳೂ ವಯಸ್ಸಾದವರ ತಲೆ ಗೊಂದಲ ಮಾಡುತ್ತವೆ. ಎಷ್ಟೋ ಜನ ಅವನ್ನು ಚೀಟಿ ಇಲ್ಲದೆ ತಾವೇ ತಂದು ನುಂಗುತ್ತಿರುತ್ತಾರೆ. ಅದಕ್ಕೇ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇದರ ಜೊತೆಗೆ ಒಂದು ಎಚ್ಚರಿಕೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಇಲ್ಲದ್ದನ್ನು ಕಂಡೆ ಅಂದರೆ, ಅದು ಡಿಮೆನ್ಷಿಯಾದ ರೀತಿ ಅಲ್ಲ. ಅದು ಡೆಲಿರಿಯಂ ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶ ಕಡಿಮೆ ಆಗಿದ್ದು, ಹೊಸ ಔಷಧಿ, ಏನು ಬೇಕಾದರೂ ಕಾರಣ ಆಗಬಹುದು. ಡಿಮೆನ್ಷಿಯಾ ಇರುವವರಿಗೆ ಇದು ಇನ್ನೂ ಬೇಗ ಬರುತ್ತದೆ. ಆದರೆ ಮನೆಯವರು "ಕಾಯಿಲೆ ಜಾಸ್ತಿ ಆಯ್ತು" ಅಂತ ಮನೆಯಲ್ಲೇ ಕಾಯುತ್ತಾರೆ. ಕಾಯಬಾರದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜಾಗೃತಿಯ ಪೋಸ್ಟರುಗಳಲ್ಲಿ ಈ ಮಾತು ಎಲ್ಲೂ ಇರುವುದಿಲ್ಲ, ನನಗೆ ಅದೇ ಸಿಟ್ಟು.

ಔಷಧಿ ವಿಷಯ. ವಾಸಿ ಮಾಡುವಂಥದ್ದು ಇಲ್ಲ, ಸರಿ. ಡೊನೆಪೆಜಿಲ್ 1996ರಿಂದ ಬಳಕೆಯಲ್ಲಿದೆ, ಅದು ಮತ್ತು ಅಂಥವು ಕೆಲವರಿಗೆ ಕೆಲವು ಕಾಲ ಸ್ವಲ್ಪ ಅನುಕೂಲ ಮಾಡುತ್ತವೆ. ಈಚೆಗೆ ಅಮೆರಿಕದಲ್ಲಿ 2023ರಲ್ಲಿ ಲೆಕನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಒಪ್ಪಿಗೆ ಪಡೆದವು. ಇವು ಆರಂಭದ ಹಂತದವರಿಗೆ ಮಾತ್ರ. ಲೆಕನೆಮ್ಯಾಬಿನ 18 ತಿಂಗಳ ಪ್ರಯೋಗದಲ್ಲಿ ಕುಸಿತ ಶೇ 27ರಷ್ಟು ನಿಧಾನ ಆಯಿತು, ನಿಲ್ಲಲಿಲ್ಲ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತದೆ, ಅದಕ್ಕೆ ಪದೇ ಪದೇ ಎಂಆರ್‌ಐ ಮಾಡಬೇಕು. ಪವಾಡ ಅಂತ ಸುದ್ದಿ ಬಂದರೆ ಇಷ್ಟು ನೆನಪಿಟ್ಟುಕೊಳ್ಳಿ.

ಇವೆಲ್ಲಕ್ಕಿಂತ ದೊಡ್ಡ ಉಪಯೋಗ ಬೇರೆ ಇದೆ. ಹೆಸರು ತಿಳಿದ ದಿನದಿಂದ ಮನೆಯವರು ಬೈಯುವುದು ನಿಲ್ಲುತ್ತದೆ. "ಬೇಕಂತಲೇ ಮಾಡುತ್ತಾರೆ", "ನಾಟಕ", "ಹಟ" ಅಂತ ವರ್ಷಗಟ್ಟಲೆ ಜಗಳ ಆಡಿದ ಮನೆಗಳನ್ನು ನೋಡಿದ್ದೇನೆ. ಕಳ್ಳತನದ ಆರೋಪ ಹೊತ್ತು ಬಿಟ್ಟುಹೋದ ಕೆಲಸದವರೂ ಇದ್ದಾರೆ. ಇಟ್ಟ ಜಾಗ ನೆನಪಿಲ್ಲ, ವಸ್ತು ಕಾಣುತ್ತಿಲ್ಲ. ಯಾರೋ ತೆಗೆದರು ಅನ್ನುವುದೇ ಅವರ ತಲೆಗೆ ಹೊಳೆಯುವ ಉತ್ತರ. ಅದು ರೋಗದ ಮಾತು ಅಂತ ತಿಳಿದರೆ ವಾದ ಮಾಡದೆ "ಬನ್ನಿ, ಇಬ್ಬರೂ ಸೇರಿ ಹುಡುಕೋಣ" ಅನ್ನಬಹುದು.


ಅರ್ಧಚಂದ್ರ:

ರಾತ್ರಿಪಾಳಿ ಅವರು 51 ವರ್ಷ ಅಂದದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಓದಿಕೊಂಡು ಸುಮ್ಮನಿರುತ್ತಿದ್ದೆ.

ನನ್ನ ಗಂಡನಿಗೆ ಬಂದಾಗ ಅವರಿಗೆ ಐವತ್ತರ ಆಸುಪಾಸು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ನೆನಪು ಚೆನ್ನಾಗೇ ಇತ್ತು. ಹಳೇ ಫೋನ್ ನಂಬರುಗಳೂ ಬಾಯಿಗೆ ಬರುತ್ತಿದ್ದವು. ಬದಲಾದದ್ದು ಮನುಷ್ಯ. ಮಗಳು ಜ್ವರದಲ್ಲಿ ಮಲಗಿದ್ದರೆ ಅವಳ ಪಕ್ಕದಲ್ಲೇ ಜೋರಾಗಿ ಟಿವಿ ಹಾಕಿಕೊಂಡು ಕೂರುತ್ತಿದ್ದರು, "ಸ್ವಲ್ಪ ಕಡಿಮೆ ಮಾಡಿ" ಅಂದರೆ ನನ್ನ ಮುಖ ನೋಡಿ ಮತ್ತೆ ಟಿವಿ ಕಡೆ ತಿರುಗುತ್ತಿದ್ದರು. ಕೋಪ ಇಲ್ಲ, ಏನೂ ಇಲ್ಲ. ಆಫೀಸಿನ ಸಭೆಯಲ್ಲಿ ಯಾರದೋ ಮೈಬಣ್ಣದ ಬಗ್ಗೆ ನಗುತ್ತಾ ಆಡಿ ಮೇಲಿನವರಿಂದ ನೋಟಿಸ್ ಬಂತು. ದುಡ್ಡು ನೀರಿನಂತೆ ಹೋಯಿತು, ಫೋನಿನಲ್ಲಿ ಬಂದ ಜಾಹೀರಾತು ನೋಡಿ ಬೇಕು ಬೇಡದ್ದೆಲ್ಲ ತರಿಸುತ್ತಿದ್ದರು.

ಎಲ್ಲರೂ ಏನು ಹೇಳಿದರು ಗೊತ್ತಾ? ಗಂಡ ಹೆಂಡತಿ ಹೊಂದಾಣಿಕೆ ಇಲ್ಲ. ನೀನೇ ಸ್ವಲ್ಪ ತಗ್ಗಿ ನಡೆ. ಬೇರೆ ಸಂಬಂಧ ಇರಬಹುದು, ವಿಚಾರಿಸು. ಆಪ್ತಸಮಾಲೋಚಕರ ಮುಂದೆ ಕೂತೆವು, ಅವರೂ ಸಂಸಾರದ ಜಗಳ ಅಂತಲೇ ತಿಳಿದರು. ಮನೋವೈದ್ಯರು ಖಿನ್ನತೆ ಅಂದರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎಂಆರ್‌ಐ ಪರದೆಯ ಮೇಲೆ ಮಿದುಳಿನ ಮುಂಭಾಗ ಕುಗ್ಗಿರುವುದನ್ನು ಬೆರಳಿಟ್ಟು ತೋರಿಸಿದರು. ನನಗೆ ಆಗ ಅಳು ಬರಲಿಲ್ಲ, ನಿಜ ಹೇಳಬೇಕಂದ್ರೆ ಹಗುರ ಅನ್ನಿಸಿತು. ಇವರು ನನ್ನನ್ನು ಪ್ರೀತಿಸುವುದು ಬಿಟ್ಟದ್ದಲ್ಲ ಅಂತ.

ನಮ್ಮ ಜಾಗೃತಿಯ ಚಿತ್ರಗಳಲ್ಲಿ ಯಾವಾಗಲೂ ನರೆತ ಕೂದಲಿನ ಅಜ್ಜಿಯೊಬ್ಬರು ಕಿಟಕಿಯ ಹೊರಗೆ ನೋಡುತ್ತಾ ಕೂತಿರುತ್ತಾರೆ. ಮರೆವು ಅಂದರೆ ಡಿಮೆನ್ಷಿಯಾ, ಡಿಮೆನ್ಷಿಯಾ ಅಂದರೆ ಮರೆವು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಈ ಜಾತಿಯ ಡಿಮೆನ್ಷಿಯಾ ಹೆಚ್ಚಾಗಿ ಶುರುವಾಗುವುದೇ 45ರಿಂದ 65ರ ಒಳಗೆ. ನಡವಳಿಕೆ ಕೆಡುತ್ತದೆ, ಇಲ್ಲಾ ಮಾತು ಕೆಡುತ್ತದೆ. ನಟ ಬ್ರೂಸ್ ವಿಲ್ಲಿಸ್ ಅವರಿಗೆ ಇದೇ ಕಾಯಿಲೆ ಅಂತ ಅವರ ಮನೆಯವರು 2023ರಲ್ಲಿ ಹೇಳಿದ ಮೇಲೆ ನನಗೆ ಫೋನ್ ಮಾಡಿ "ಓ, ನಿಮ್ಮೆಜಮಾನರಿಗೆ ಇದೇ ಅಲ್ವಾ" ಅಂದವರು ಎಷ್ಟೋ ಜನ. ಅಲ್ಲಿಯವರೆಗೆ ನಾನು ಹೇಳಿದ್ದು ಅವರ ಕಿವಿಗೇ ಹೋಗಿರಲಿಲ್ಲ. ಒಬ್ಬ ಸಿನಿಮಾ ನಟ ಬೇಕಾಯಿತು ನೋಡಿ.

ಅದಕ್ಕೇ ಹೇಳುತ್ತೇನೆ ಬಿಳಿಹಾಳೆ, ಮುಚ್ಚಿಡಬೇಡಿ. ನೀವು ಕಾರಣ ಹೇಳದಿದ್ದರೆ ಜನ ಸುಮ್ಮನಿರುವುದಿಲ್ಲ, ತಾವೇ ಒಂದು ಕಾರಣ ಕಟ್ಟುತ್ತಾರೆ. ಅದು ಕಾಯಿಲೆಗಿಂತ ಕೆಟ್ಟದಾಗಿರುತ್ತದೆ.


ಬಿಳಿಹಾಳೆ:

ಎಲ್ಲವನ್ನೂ ಎರಡು ಸಲ ಓದಿದೆ. ಅರ್ಧಚಂದ್ರ ಅವರೇ, ನಿಮ್ಮ ಕೊನೆಯ ಮಾತನ್ನು ಅಣ್ಣನಿಗೆ ಹಾಗೇ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಇನ್ನೂ ಎರಡು ವಿಷಯ ಕೇಳಬೇಕು. ಒಂದು, ಅಮ್ಮನಿಗೇ ಇನ್ನೂ ಸರಿಯಾಗಿ ಹೇಳಿಲ್ಲ. ಡಾಕ್ಟರ ಎದುರು "ಸ್ವಲ್ಪ ಮರೆವಿನ ತೊಂದರೆ" ಅಂತ ಅಣ್ಣ ಮಾತು ಮುಗಿಸಿಬಿಟ್ಟ. ಎರಡು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು, ಡಿಮೆನ್ಷಿಯಾದಲ್ಲಿ ಅರ್ಧದಷ್ಟು ತಡೆಯಬಹುದು, ದಿನಾ ಸುಡೊಕು ಆಡಿದರೆ ಬರಲ್ಲ ಅಂತ. ಅದರ ಕೆಳಗೆ ಇನ್ನೊಬ್ಬರು "ಮೊದಲೇ ಜಾಗ್ರತೆ ಮಾಡಬೇಕಿತ್ತು" ಅಂತ ಬರೆದರು. ಅಮ್ಮನ ವಿಷಯ ಅವರಿಗೆ ಗೊತ್ತಿಲ್ಲ, ಆದರೂ ಚುಚ್ಚಿತು. ನನಗೂ ಬರುತ್ತಾ ಅನ್ನುವ ಹೆದರಿಕೆ ಬೇರೆ.


ರಾತ್ರಿಪಾಳಿ:

ಆ ಅರ್ಧದ ಲೆಕ್ಕ ಬಂದದ್ದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ ವರದಿಯಿಂದ. 2024ರ ವರದಿ ಅಪಾಯ ಹೆಚ್ಚಿಸುವ 14 ಅಂಶಗಳನ್ನು ಹೇಳುತ್ತದೆ: ಚಿಕ್ಕಂದಿನಲ್ಲಿ ಓದು ಕಡಿಮೆ ಆದದ್ದು, ಕಿವಿ ಮಂದ ಆದದ್ದು, ಕಣ್ಣಿನ ದೋಷಕ್ಕೆ ಚಿಕಿತ್ಸೆ ಇಲ್ಲದ್ದು, ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಸಿಗರೇಟು, ಅತಿಯಾದ ಕುಡಿತ, ಮೈಗೆ ಕೆಲಸ ಇಲ್ಲದ್ದು, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ. ಇವೆಲ್ಲ ಪೂರ್ತಿ ಇಲ್ಲವಾದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುವುದು ಅಂದಾಜು. ಅದು ಇಡೀ ಜನಸಂಖ್ಯೆಯ ಲೆಕ್ಕ. ನಿಮ್ಮ ಅಮ್ಮನಿಗೆ ಯಾಕೆ ಬಂತು ಅಂತ ಅದರಿಂದ ಹೇಳಲು ಬರುವುದಿಲ್ಲ. ಜೊತೆಗೆ ಈ ಪಟ್ಟಿ ಮತ್ತೊಮ್ಮೆ ಓದಿ. ಊರಿನ ಗಾಳಿಯನ್ನು ಯಾರೂ ಒಬ್ಬರೇ ಶುಚಿ ಮಾಡಲಾಗದು, ಚಿಕ್ಕಂದಿನಲ್ಲಿ ಶಾಲೆ ಬಿಡಿಸಿದರೆ ಅದು ಆ ಮಗುವಿನ ತಪ್ಪಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಬರುತ್ತದೆ. ಜಾಗೃತಿ ಅನ್ನುವುದು ಬೇರೆಯವರ ಮೇಲೆ ತಪ್ಪು ಹೊರಿಸುವ ಕೋಲು ಆಗಬಾರದು, ಆ ಗುಂಪಿನವರಿಗೆ ಇದನ್ನೇ ಬರೆಯಿರಿ ಬೇಕಾದರೆ.

ಸುಡೊಕು ಇಷ್ಟ ಆದರೆ ಆಡಲಿ. ಸುಡೊಕು ಆಡುವವರು ಸುಡೊಕುವಿನಲ್ಲಿ ಚುರುಕಾಗುತ್ತಾರೆ. ಅದರಿಂದ ಕಾಯಿಲೆ ತಡೆಯುತ್ತದೆ ಅಂತ ಗಟ್ಟಿಯಾಗಿ ಹೇಳಲು ಆಧಾರ ಇಲ್ಲ. ಬಿಪಿ ಹಿಡಿತದಲ್ಲಿಡುವುದು ಅದಕ್ಕಿಂತ ಎಷ್ಟೋ ಮೇಲು.

ನಿಮಗೆ ಬರುತ್ತಾ ಅನ್ನುವುದಕ್ಕೆ: ತಂದೆ ತಾಯಿಯಿಂದ ನೇರವಾಗಿ ಇಳಿದು ಬರುವ ಅಲ್ಝೈಮರ್ ಬಹಳ ಅಪರೂಪ, ನೂರರಲ್ಲಿ ಒಂದಕ್ಕಿಂತ ಕಡಿಮೆ. ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಕಾಣಿಸುತ್ತದೆ. ನಿಮ್ಮ ಅಮ್ಮನಿಗೆ ಎಪ್ಪತ್ತರ ಹತ್ತಿರ ಶುರುವಾದದ್ದು, ಆ ಗುಂಪಿಗೆ ಸೇರುವ ಸಾಧ್ಯತೆ ಬಹಳ ಕಡಿಮೆ. ನಿಮಗೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಅಪಾಯ ಇರಬಹುದು, ಬಂದೇ ಬರುತ್ತದೆ ಅಂತೇನಿಲ್ಲ.

ಅಮ್ಮನಿಗೆ ಹೇಳುವ ಬಗ್ಗೆ ಹಿತ್ತಲಗಿಡ ಅವರು ಬರೆದರೆ ಚೆನ್ನ, ನಾನು ಆಸ್ಪತ್ರೆಯ ಕಡೆಯವಳು.


ಹಿತ್ತಲಗಿಡ:

ನೀವೇ ಬರೆದಿದ್ದೀರಲ್ಲ, ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದರು ಅಂತ. ಅವರಿಗೆ ಗೊತ್ತು. ಒಬ್ಬರೇ ಹೆದರಿಕೊಂಡು ಕೂತಿದ್ದಾರೆ. ನೀವೂ ಬಚ್ಚಿಟ್ಟರೆ ಮನೆಯಲ್ಲಿ ಎಲ್ಲರೂ ಎಲ್ಲರಿಂದ ಬಚ್ಚಿಟ್ಟ ಹಾಗಾಯಿತು.

ಆದರೆ ಒಂದೇ ಸಲಕ್ಕೆ ಎಲ್ಲ ಸುರಿಯಬೇಡಿ. ಮೊದಲು ಕೇಳಿ. "ಅಮ್ಮ, ಇತ್ತೀಚೆಗೆ ನಿಮಗೆ ಏನು ಕಷ್ಟ ಆಗ್ತಿದೆ?" ಅಂತ. ಅವರು ಹೇಳಿದ ಮೇಲೆ, "ಅದಕ್ಕೆ ಕಾರಣ ಡಾಕ್ಟರು ಹೇಳಿದ್ದಾರೆ, ಕೇಳ್ತೀರಾ?" ಅಂತ. ಬೇಡ ಅಂದರೆ ಅವತ್ತಿಗೆ ಬಿಡಿ, ಅದೂ ಅವರ ಹಕ್ಕೇ. ಕೆಲವರಿಗೆ ತಮ್ಮಲ್ಲಿ ಬದಲಾವಣೆ ಆಗಿದೆ ಅನ್ನುವುದೇ ತಿಳಿಯುವುದಿಲ್ಲ, ಅದೂ ಈ ರೋಗದ ಭಾಗ. ಅಂಥವರ ಹತ್ತಿರ ವಾದ ಮಾಡಿ ಒಪ್ಪಿಸಲು ಹೋದರೆ ಬರೀ ನೋವು. ನಿಮ್ಮ ಅಮ್ಮ ಹಾಗೆ ಕಾಣುತ್ತಿಲ್ಲ.

ಹೊರಗಿನವರಲ್ಲಿ ಯಾರಿಗೆ ಹೇಳಬೇಕು ಅನ್ನುವುದನ್ನೂ ಅವರೇ ತೀರ್ಮಾನ ಮಾಡಲಿ. ನೀವೂ ಅಣ್ಣನೂ ಜಗಳ ಆಡುತ್ತಿದ್ದೀರಿ, ಅಮ್ಮನನ್ನು ಯಾರೂ ಕೇಳಿಲ್ಲ! ಅಣ್ಣ ಹೇಳುವ ಮರ್ಯಾದೆ ಅನ್ನುವುದು ಅದೇ ಅಲ್ವಾ, ಅವರ ವಿಷಯದಲ್ಲಿ ಅವರ ಮಾತು ನಡೆಯುವುದು. ಟೆರ್ರಿ ಪ್ರ್ಯಾಚೆಟ್ ಅಂತ ಇಂಗ್ಲೆಂಡಿನ ಲೇಖಕರೊಬ್ಬರು 2007ರಲ್ಲಿ ತಮಗೆ ಈ ಕಾಯಿಲೆ ಬಂದಿದೆ ಅಂತ ತಾವೇ ಎಲ್ಲರಿಗೂ ಹೇಳಿ, ಆಮೇಲೂ ವರ್ಷಗಟ್ಟಲೆ ಪುಸ್ತಕ ಬರೆದರು, ಟೈಪ್ ಮಾಡಲು ಆಗದಾಗ ಬಾಯಲ್ಲಿ ಹೇಳಿ ಬರೆಸಿದರು. ಎಲ್ಲರಿಗೂ ಹಾಗೆ ಆಗುತ್ತದೆ ಅಂತಲ್ಲ. ಆರಂಭದ ಹಂತ ಅಂದರೆ ಆ ಮನುಷ್ಯ ಇನ್ನೂ ಪೂರ್ತಿ ಇದ್ದಾರೆ ಅಂತ ಹೇಳಲು ಹೇಳಿದೆ.

ಇನ್ನೊಂದು, ದುಡ್ಡು ಕಾಸು, ಉಯಿಲು, ಆಸ್ತಿ ಪತ್ರ, ಮುಂದೆ ಚಿಕಿತ್ಸೆ ಹೇಗೆ ಬೇಕು ಅನ್ನುವುದು, ಇವೆಲ್ಲ ಅವರು ಸ್ವತಃ ಹೇಳಿ ಸಹಿ ಮಾಡುವ ಸ್ಥಿತಿಯಲ್ಲಿ ಇರುವಾಗಲೇ ವಕೀಲರನ್ನು ಕೇಳಿ ಮುಗಿಸಿ. ಅವರಿಗೇ ವಿಷಯ ಹೇಳದೆ ಇದನ್ನು ಮಾಡಲು ಹೋದರೆ ಮೋಸ ಮಾಡಿದ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಇದು ತಡವಾಗಿ ತುಂಬಾ ಗೋಳಾಯಿತು, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.


ಸುಮ್ನೆಕೇಳ್ತೀನಿ:

ಡೆಲಿರಿಯಂ ವಿಷಯ ನಿಜವಾಗಿ ಗೊತ್ತಿರಲಿಲ್ಲ. ಅಜ್ಜಿಗೆ ಕೊನೆಯ ಸಲ ಆದದ್ದು ಎರಡೇ ದಿನದಲ್ಲಿ. ಜ್ವರ ಇತ್ತು.

ಆದರೂ ಒಂದು ಮಾತು ಉಳಿದಿದೆ. ಎಲ್ಲರಿಗೂ ಹೇಳಿ ಅಂತೀರಿ, ಹೇಳಿದ ಮೇಲೆ ಜನ ಸಹಾಯಕ್ಕೆ ಬರುತ್ತಾರೆ ಅನ್ನುವುದಕ್ಕೆ ಏನು ಭರವಸೆ? ನಮ್ಮಲ್ಲಿ ಅನುಕಂಪ ಬೇಕಾದಷ್ಟು ಸಿಗುತ್ತದೆ, ಒಂದು ಮಧ್ಯಾಹ್ನ ಬಂದು ಕೂರುವವರು ಸಿಗುವುದಿಲ್ಲ.


ಅರ್ಧಚಂದ್ರ:

ಭರವಸೆ ಇಲ್ಲ. ನನ್ನ ಅನುಭವದಲ್ಲಿ "ಏನಾದರೂ ಬೇಕಾದರೆ ಹೇಳಿ" ಅಂದವರು ಯಾರೂ ಬರಲಿಲ್ಲ. ನಾನೇ "ಗುರುವಾರ ಮೂರರಿಂದ ಐದರವರೆಗೆ ಇವರ ಜೊತೆ ನಡೆಯಲು ಹೋಗ್ತೀರಾ?" ಅಂತ ನೇರ ಕೇಳಿದಾಗ ಇಬ್ಬರು ಒಪ್ಪಿದರು. ಒಬ್ಬರು ಇವರ ಹಳೇ ಸಹೋದ್ಯೋಗಿ, ನಾನು ಅವರಿಂದ ನಿರೀಕ್ಷೆಯನ್ನೇ ಮಾಡಿರಲಿಲ್ಲ. ಕೆಲಸ ಸಣ್ಣದು ಮಾಡಿ, ದಿನ ಗಂಟೆ ಸಮೇತ ಕೇಳಬೇಕು. ಕೇಳಬೇಕು ಅಂದರೆ ಮೊದಲು ವಿಷಯ ಹೇಳಿರಲೇಬೇಕು. ಈ ಆರೈಕೆಯಲ್ಲಿ ಜಗತ್ತಿನಾದ್ಯಂತ ಹೆಂಗಸರ ಪಾಲು ಸುಮಾರು ಶೇ 70 ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ಬಿಳಿಹಾಳೆ, ಅಣ್ಣನಿಗೂ ಒಂದು ವಾರ ಗೊತ್ತು ಮಾಡಿ. ಅಭಿಪ್ರಾಯ ಹೇಳುವವರು ಪಾಳಿಯನ್ನೂ ಮಾಡಲಿ.


ಬಿಳಿಹಾಳೆ:

ಅಣ್ಣ ಫೋನ್ ಮಾಡಿದ್ದ. "ಅಮ್ಮನನ್ನೇ ಕೇಳೋಣ" ಅನ್ನುವುದಕ್ಕೆ ಮಾತ್ರ ಒಪ್ಪಿದ್ದಾನೆ, ಉಳಿದದ್ದು ಆಮೇಲೆ ಅಂದ. ಅಷ್ಟಾದರೂ ಆಯಿತು.

ರಾತ್ರಿಪಾಳಿ ಅವರೇ, ಪಟ್ಟಿಯಲ್ಲಿ ಕಿವಿ ಅಂತ ಬರೆದಿದ್ದೀರಿ. ಅಮ್ಮನಿಗೆ ಕೆಲವು ವರ್ಷದಿಂದ ಕಿವಿ ಸ್ವಲ್ಪ ಮಂದ. ಈಗ ಮಾತಾಡಿಸಿದರೆ ಬೇರೇನೋ ಉತ್ತರ ಕೊಡುತ್ತಾರೆ. ಅದು ಕಾಯಿಲೆನಾ, ಕಿವಿನಾ? ಈಗ ಮೆಷಿನ್ ಹಾಕಿಸಿ ಪ್ರಯೋಜನ ಇದೆಯಾ?


ರಾತ್ರಿಪಾಳಿ:

ಎರಡೂ ಇರಬಹುದು, ಪರೀಕ್ಷೆ ಮಾಡಿಸದೆ ಹೇಳಲು ಆಗುವುದಿಲ್ಲ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿಸಿ, ಎಷ್ಟೋ ಸಲ ಅಷ್ಟೇ ಆಗಿರುತ್ತದೆ. ಆಮೇಲೆ ಶ್ರವಣ ಪರೀಕ್ಷೆ. ಸರಿಯಾಗಿ ಕೇಳಿಸದಿದ್ದರೆ ಜ್ಞಾಪಕ ಶಕ್ತಿಯ ಪರೀಕ್ಷೆಯಲ್ಲೂ ಅಂಕ ಕಡಿಮೆ ಬರಬಹುದು, ಆದ್ದರಿಂದ ಮುಂದಿನ ಸಲ ಡಾಕ್ಟರಿಗೆ ಈ ವಿಷಯ ಹೇಳಿ. ಮೆಷಿನ್ ಬೇಕು ಅಂದರೆ ಈಗಲೇ ಹಾಕಿಸಿ, ತಡ ಮಾಡಬೇಡಿ. ಬ್ಯಾಟರಿ ಬದಲಿಸುವುದು, ಕಿವಿಗೆ ಸರಿಯಾಗಿ ಕೂರಿಸುವುದು, ರಾತ್ರಿ ತೆಗೆದು ಡಬ್ಬಿಗೆ ಹಾಕುವುದು ಇವೆಲ್ಲ ಹೊಸ ಅಭ್ಯಾಸ. ಆರಂಭದ ಹಂತದಲ್ಲಿ ಕಲಿತರೆ ಕೈಗೆ ಹತ್ತುತ್ತದೆ, ಮುಂದೆ ಕಷ್ಟ. ಮೊದಲ ಕೆಲವು ವಾರ ಗದ್ದಲ ಅಂತ ಕಿತ್ತಿಡುತ್ತಾರೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಸಿ ರೂಢಿ ಮಾಡಿಸಿ. ಕನ್ನಡಕದ ನಂಬರೂ ಅದೇ ವಾರ ನೋಡಿಸಿಬಿಡಿ.